ಕೈಕಾಲಿಗೆ ಪಾಠ ಹೇಳುವವರು

ಪಕ್ಷವಾತ ಬಡಿದವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೊಡನೆ ಎಣ್ಣೆ ತಿಕ್ಕುವವರನ್ನು ಹುಡುಕುವುದು ನಮ್ಮ ಕಡೆಯ ವಾಡಿಕೆ. ಆಸ್ಪತ್ರೆಯ ಫಿಸಿಯೋಥೆರಪಿಸ್ಟರೂ ಇಂಗ್ಲಿಷ್ ಕಲಿತ ತಿಕ್ಕುವವರೇ ಎಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ.

ಪಕ್ಷವಾತದಲ್ಲಿ ಕೆಟ್ಟಿರುವುದು ಕೈಕಾಲಲ್ಲ, ಮಿದುಳಿನ ಒಂದು ಭಾಗ. ಅದರ ಕೆಲಸವನ್ನು ಉಳಿದ ಭಾಗಗಳು ಸ್ವಲ್ಪಮಟ್ಟಿಗೆ ಕಲಿತುಕೊಳ್ಳಬಲ್ಲವು. ಆದರೆ ರೋಗಿ ತಾನೇ ಮತ್ತೆ ಮತ್ತೆ ಪ್ರಯತ್ನಿಸಬೇಕು. ಯಾವ ಸ್ನಾಯುವಿಗೆ ಎಷ್ಟು ಬಲವಿದೆ, ಕೀಲು ಎಷ್ಟು ಮಡಚುತ್ತದೆ ಎಂದು ಥೆರಪಿಸ್ಟರು ಅಳೆಯುತ್ತಾರೆ. ಅವರ ಅಳತೆಯ ಸಾಧನ ನಮ್ಮ ಮಕ್ಕಳ ಜ್ಯಾಮಿತಿ ಪೆಟ್ಟಿಗೆಯ ಕೋನಮಾಪಕದ ಅಣ್ಣನಂತಿರುತ್ತದೆ! ಆಮೇಲೆ ಕೂರಿಸುವುದು, ನಿಲ್ಲಿಸುವುದು, ನಡೆಸುವುದು. ಬಿದ್ದರೆ ಹಿಡಿಯಲು ಪಕ್ಕದಲ್ಲೇ ಇರಬೇಕು. ದಿನವಿಡೀ ಇದನ್ನೇ ಮಾಡುವವರಿಗೆ ಸ್ವಂತ ಸೊಂಟನೋವು ಬರುವುದೂ ಉಂಟು.

ಮನೆಯವರು ತಿಳಿದಿರಬೇಕಾದ ಮಾತೊಂದಿದೆ. ರೋಗಿಯನ್ನು ಬಲಹೀನವಾದ ಕೈ ಹಿಡಿದೆಳೆದು ಎಬ್ಬಿಸಬಾರದು. ಸಡಿಲಗೊಂಡ ಭುಜದ ಕೀಲು ಜಾರಿ, ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ಅಡಿಕೆಮರದಿಂದ ಬಿದ್ದು ಬೆನ್ನುಹುರಿಗೆ ಏಟಾದವರನ್ನಂತೂ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ.

ಈ ವೃತ್ತಿಯ ಮುಖ್ಯ ಉಪಕರಣ ಮಾತು. ಕಾಸರಗೋಡಿನಲ್ಲಿ ತೊಡಕು ಇರುವುದೂ ಅಲ್ಲೇ. 'ಮುಟ್ಟ್ ಮಡಕ್ಕು' ಎಂದರೆ ಮೊಣಕಾಲು ಮಡಚು ಎಂದು ಮಲಯಾಳ ಬಲ್ಲವರಿಗೆ ಗೊತ್ತು. ಕನ್ನಡ ಮಾತ್ರ ಬಲ್ಲ ಅಜ್ಜಿ ಏನನ್ನು ಮುಟ್ಟಬೇಕೆಂದು ಮುಖ ನೋಡುತ್ತಾರೆ. ಥೆರಪಿಸ್ಟರದು ತಪ್ಪಲ್ಲ, ಅಜ್ಜಿಯದಂತೂ ಅಲ್ಲ. ಆದರೆ 'ಸಹಕರಿಸುವುದಿಲ್ಲ' ಎಂಬ ಹೆಸರು ಬರುವುದು ಅಜ್ಜಿಗೆ.

ಭಾಷೆ ತಿಳಿಯುವ ಮಂಗಳೂರಿಗೇ ಹೋಗೋಣವೆಂದರೆ, ಈ ಚಿಕಿತ್ಸೆ ಒಂದೆರಡು ದಿನದ್ದಲ್ಲ. ವಾರಕ್ಕೆ ಹಲವು ಸಲ ಬಸ್ಸೇರಿಸುವುದು ಯಾರಿಗೆ ಸಾಧ್ಯ? 2020ರಲ್ಲಿ ತಲಪಾಡಿಯ ಗಡಿಯನ್ನೇ ಮುಚ್ಚಿದ್ದನ್ನು ನಾವಾರೂ ಮರೆತಿಲ್ಲ.

ಪ್ಲಸ್ ಟುವಿನಲ್ಲಿ ಜೀವಶಾಸ್ತ್ರ ಓದುವ ನಮ್ಮ ಮಕ್ಕಳು ವೈದ್ಯ, ನರ್ಸು ಎಂಬೆರಡೇ ದಾರಿ ನೋಡುತ್ತಾರೆ. ಬಿ.ಪಿ.ಟಿ. ಪದವಿಯ ಹೆಸರು ಕೇಳಿದವರೇ ಕಡಿಮೆ. ಅದರ ಪಾಠ ಇಂಗ್ಲಿಷಿನಲ್ಲಿ, ಪರಿಶ್ರಮವೂ ಬೇಕು. ಆದರೆ ಕನ್ನಡ, ತುಳು, ಮಲಯಾಳ ಮೂರನ್ನೂ ಅಂಗಳದಲ್ಲೇ ಕಲಿತ ಹುಡುಗಿಗೆ ಇಲ್ಲಿನ ವಾರ್ಡಿನಲ್ಲಿರುವ ಅನುಕೂಲ ಬೇರೆಯವರಿಗಿಲ್ಲ.

ಅಂಥವರು ಬರುವವರೆಗೆ, ವ್ಯಾಯಾಮದ ವೇಳೆ ಎರಡೂ ಭಾಷೆ ಬಲ್ಲ ಮನೆಯವರೊಬ್ಬರು ಜೊತೆಗಿರಲಿ. ಪ್ರತಿಯೊಂದನ್ನೂ ಕನ್ನಡದಲ್ಲಿ ಬರೆದುಕೊಂಡು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿಡಿ. ದಿನಕ್ಕೆಷ್ಟು ಸಲ ಎಂಬುದನ್ನೂ ಕೇಳಿ ಬರೆದುಕೊಳ್ಳಿ.