ಮದ್ದಿನ ಕಳಂಕ, ಮನ್ನಣೆಯ ಪ್ರಶ್ನೆ

ನಮ್ಮ ಕ್ರೀಡಾ ಪ್ರಶಸ್ತಿಗಳಿಗೆ ಹೆಸರಿಟ್ಟವರು ಮಹಾಭಾರತದ ಒಂದೇ ಪ್ರಸಂಗವನ್ನು ಮೂರು ಪಾಲು ಮಾಡಿ ಹಂಚಿದ್ದಾರೆ. ಗೆದ್ದ ಆಟಗಾರರಿಗೆ ಕೇಂದ್ರ ಸರ್ಕಾರ ಕೊಡುವುದು ಅರ್ಜುನ ಪ್ರಶಸ್ತಿ. ಅವರನ್ನು ತಯಾರು ಮಾಡಿದ ಗುರುಗಳಿಗೆ ದ್ರೋಣಾಚಾರ್ಯ ಪ್ರಶಸ್ತಿ. ಕರ್ನಾಟಕ ಸರ್ಕಾರ ತನ್ನ ಆಟಗಾರರಿಗೆ ಕೊಡುವುದು ಏಕಲವ್ಯ ಪ್ರಶಸ್ತಿ. ಗುರು ಕೇಳಿದನೆಂದು ಹೆಬ್ಬೆರಳನ್ನೇ ಕತ್ತರಿಸಿಕೊಟ್ಟ ಏಕಲವ್ಯನ ಕತೆ ಎಲ್ಲರಿಗೂ ಗೊತ್ತು. ಗುರು ಕೊಟ್ಟದ್ದನ್ನು ಮರುಮಾತಿಲ್ಲದೆ ನುಂಗಿ ಓಟವನ್ನೇ ಕಳೆದುಕೊಂಡವರ ಕತೆಯೂ ನಮ್ಮ ಕಾಲದಲ್ಲಿ ನಡೆದಿದೆ. ಅಂಥವರಿಗೆ ಮನ್ನಣೆ ಸಲ್ಲಬೇಕೆ, ಸಲ್ಲಬಾರದೆ ಎಂಬ ಪ್ರಶ್ನೆಗೆ ಮಾತ್ರ ಮಹಾಭಾರತದಲ್ಲಿ ಉತ್ತರವಿಲ್ಲ.

ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಕೃಷಿಕ ಕುಟುಂಬದ ಹುಡುಗಿ ಅಶ್ವಿನಿ ಅಕ್ಕುಂಜಿ 2010ರಲ್ಲಿ ಇಡೀ ರಾಜ್ಯದ ಮನೆಮಾತಾಗಿದ್ದರು. ಆ ಅಕ್ಟೋಬರ್‌ನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ 4×400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ನಾಲ್ವರಲ್ಲಿ ಅವರೊಬ್ಬರು. ಮರುತಿಂಗಳೇ ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡರಲ್ಲೂ ಚಿನ್ನ. ಮೆರವಣಿಗೆ, ಹಾರ, ಸನ್ಮಾನಗಳ ಸದ್ದು ಅಡಗುವ ಮೊದಲೇ, 2011ರ ಬೇಸಿಗೆ ಮುಗಿಯುತ್ತಿದ್ದಂತೆ ಸಿಡಿಲು ಬಡಿಯಿತು. ಅಶ್ವಿನಿ, ಮನ್‌ದೀಪ್ ಕೌರ್, ಸಿನಿ ಜೋಸ್ ಸೇರಿದಂತೆ ರಾಷ್ಟ್ರೀಯ ಶಿಬಿರದ ಹಲವು ಓಟಗಾರ್ತಿಯರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು.

ತರಬೇತುದಾರ ಯೂರಿ ಒಗೊರೊಡ್ನಿಕ್ ಕೊಟ್ಟ ಜಿನ್ಸೆಂಗ್ ತೆಗೆದುಕೊಂಡೆವು, ಅದರಲ್ಲಿ ಬೇರೆ ಮದ್ದು ಬೆರೆತಿದ್ದುದು ನಮಗೆ ತಿಳಿಯದು ಎಂಬುದು ಓಟಗಾರ್ತಿಯರ ವಾದವಾಗಿತ್ತು. ತರಬೇತುದಾರ ಕೆಲಸ ಕಳೆದುಕೊಂಡರು. ದೇಶದ ಶಿಸ್ತು ಸಮಿತಿ 2011ರ ಡಿಸೆಂಬರ್‌ನಲ್ಲಿ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಅದನ್ನು ಒಪ್ಪದೆ ಕ್ರೀಡಾ ನ್ಯಾಯಮಂಡಳಿಯ ಮೆಟ್ಟಿಲೇರಿತು. 2012ರ ಜುಲೈನಲ್ಲಿ ಶಿಕ್ಷೆ ಎರಡು ವರ್ಷವಾಯಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಆದರೆ 2010ರ ಪದಕಗಳನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಸಿಕ್ಕಿಬಿದ್ದದ್ದು 2011ರಲ್ಲಿ, ಪದಕ ಬಂದದ್ದು ಅದಕ್ಕೂ ಹಿಂದೆ. ನಿಯಮದ ಪ್ರಕಾರ ಆ ಚಿನ್ನ ಚಿನ್ನವೇ. ಆದರೂ ಕೆಲವರ ಕಣ್ಣಿಗೆ ಅದರ ಹೊಳಪು ಕುಂದಿತು. ಈ ಅನುಮಾನಕ್ಕೆ ಬೆಲೆ ಕೊಡಬೇಕೆ?

ಅಮೆರಿಕದ ಜಗಳ

ಇದೇ ಪ್ರಶ್ನೆ ಅಮೆರಿಕದಲ್ಲಿ ದೊಡ್ಡ ಜಗಳವಾಗಿದೆ. ನಮಗೆ ಕ್ರಿಕೆಟ್ ಇದ್ದಂತೆ ಅವರಿಗೆ ಬೇಸ್‌ಬಾಲ್. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ 1939ರಲ್ಲಿ ತೆರೆದ 'ಹಾಲ್ ಆಫ್ ಫೇಮ್' ಆ ಆಟದ ಗುಡಿಯಿದ್ದಂತೆ. ಆಟ ಬಿಟ್ಟವರನ್ನು ಕ್ರೀಡಾ ಬರಹಗಾರರು ಮತ ಹಾಕಿ ಒಳಗೆ ಸೇರಿಸುತ್ತಾರೆ. ನೂರಕ್ಕೆ 75 ಮತ ಬೀಳಬೇಕು. ಅಂಕಿ ಅಂಶಗಳಷ್ಟೇ ಸಾಲದು, ಪ್ರಾಮಾಣಿಕತೆ, ನಡತೆ, ಕ್ರೀಡಾ ಮನೋಭಾವವನ್ನೂ ನೋಡಬೇಕೆಂಬುದು ಅಲ್ಲಿನ ಕಟ್ಟಳೆ.

ಬ್ಯಾರಿ ಬಾಂಡ್ಸ್ ಹೊಡೆದ ಹೋಮ್ ರನ್ನುಗಳು 762. ಅಮೆರಿಕದ ಮೇಜರ್ ಲೀಗ್ ಇತಿಹಾಸದಲ್ಲೇ ಅಷ್ಟು ಹೊಡೆದವರಿಲ್ಲ. ರೋಜರ್ ಕ್ಲೆಮೆನ್ಸ್ ಚೆಂಡೆಸೆದು ಗೆಲ್ಲಿಸಿದ ಪಂದ್ಯಗಳು 354. ಇಬ್ಬರ ಮೇಲೂ ಸ್ಟೀರಾಯ್ಡ್ ಸೇವನೆಯ ಆರೋಪವಿದೆ. 2007ರ ಮಿಚೆಲ್ ವರದಿಯಲ್ಲಿ ಇಬ್ಬರ ಹೆಸರೂ ಬಂದಿತ್ತು. ಆದರೆ ಇಬ್ಬರಿಗೂ ಆಟದ ಆಡಳಿತ ಸ್ಟೀರಾಯ್ಡಿಗಾಗಿ ನಿಷೇಧ ವಿಧಿಸಿದ್ದಿಲ್ಲ. ಹತ್ತು ವರ್ಷ ಮತಪಟ್ಟಿಯಲ್ಲಿದ್ದು, ಕೊನೆಯ ಅವಕಾಶವಾದ 2022ರಲ್ಲಿ ಬಾಂಡ್ಸ್‌ಗೆ ದೊರೆತದ್ದು ನೂರಕ್ಕೆ 66. ಕ್ಲೆಮೆನ್ಸ್‌ಗೆ ಇನ್ನೂ ಸ್ವಲ್ಪ ಕಡಿಮೆ. ಬಾಗಿಲು ಮುಚ್ಚಿತು. ಅದೇ ವರ್ಷ ಡೇವಿಡ್ ಆರ್ಟಿಜ್ ಮೊದಲ ಯತ್ನದಲ್ಲೇ ಒಳಗೆ ಹೋದರು. ಅವರ ಹೆಸರೂ 2003ರ ಗುಪ್ತ ಪರೀಕ್ಷೆಯ ಪಟ್ಟಿಯಲ್ಲಿತ್ತೆಂದು ಪತ್ರಿಕೆಯಲ್ಲಿ ವರದಿಯಾಗಿತ್ತು. ಒಬ್ಬರ ಮೇಲಿನ ಅನುಮಾನ ಗೋಡೆಯಾಯಿತು, ಇನ್ನೊಬ್ಬರ ಮೇಲಿನದು ಹೊಸಿಲೂ ಆಗಲಿಲ್ಲ.

ಇನ್ನೊಂದು ತಮಾಷೆ ಕೇಳಿ. ಬಾಂಡ್ಸ್‌ಗೆ ಪ್ರವೇಶ ಸಿಗದ ಅದೇ ಕಟ್ಟಡದ ವಸ್ತುಸಂಗ್ರಹಾಲಯಕ್ಕೆ ಅವರು ಹೊಡೆದ 756ನೇ ಹೋಮ್ ರನ್ನಿನ ಚೆಂಡು ಸೇರಿದೆ. ಹಳೆಯ ದಾಖಲೆ ಮುರಿದ ಹೊಡೆತ ಅದು. ಚೆಂಡನ್ನು ಹರಾಜಿನಲ್ಲಿ ಕೊಂಡವರು ಜನರ ಅಭಿಪ್ರಾಯ ಕೇಳಿ, ಅದರ ಮೇಲೊಂದು ನಕ್ಷತ್ರದ ಗುರುತು ಕೊರೆಸಿ ದಾನ ಕೊಟ್ಟರು. 'ಇದಕ್ಕೊಂದು ಅಡಿಟಿಪ್ಪಣಿ ಇದೆ' ಎಂಬುದು ಆ ಗುರುತಿನ ಅರ್ಥ.

ಹಾಲು, ಬಾದಾಮಿ, ಮಾತ್ರೆ

ಬನ್ನೂರು, ಟಿ. ನರಸೀಪುರ, ನಂಜನಗೂಡು ಸೀಮೆಯ ಓದುಗರು ಇಲ್ಲೊಂದು ಪ್ರಶ್ನೆ ಕೇಳಬಹುದು. ಮೈಸೂರು ಸೀಮೆ ಕುಸ್ತಿಯ ಸೀಮೆ. ಗರಡಿಮನೆಯ ಪೈಲ್ವಾನರು ಹಾಲು, ತುಪ್ಪ, ಬಾದಾಮಿ, ಮಾಂಸ ತಿಂದೇ ಮೈ ಬೆಳೆಸಿದವರು. ಬಲ ಬರಲೆಂದು ತಿನ್ನುವುದು ತಪ್ಪಲ್ಲವಾದರೆ ಒಂದು ಮಾತ್ರೆ ಮಾತ್ರ ಏಕೆ ತಪ್ಪು?

ವ್ಯತ್ಯಾಸ ಇರುವುದು ಇಲ್ಲಿ. ಆಹಾರ ದೇಹಕ್ಕೆ ಸಾಮಗ್ರಿ ಒದಗಿಸುತ್ತದೆ. ಕಟ್ಟುವ ಕೆಲಸ ದೇಹದ್ದೇ. ಸ್ಟೀರಾಯ್ಡ್ ಹಾಗಲ್ಲ. ಅದು ಗಂಡಸಿನ ಹಾರ್ಮೋನಾದ ಟೆಸ್ಟೊಸ್ಟೆರಾನಿನ ಕೃತಕ ರೂಪ. ಸ್ನಾಯು ಕಟ್ಟಲು ದೇಹಕ್ಕೆ ಹೊರಗಿನಿಂದ ಅಪ್ಪಣೆ ಕೊಡುತ್ತದೆ. ಇಂದು ದಣಿದವರು ನಾಳೆಯೇ ಮತ್ತೆ ಅಷ್ಟೇ ಕಸರತ್ತು ಮಾಡುವಂತೆ ಮಾಡುತ್ತದೆ. ಯಕೃತ್ತು, ಹೃದಯಗಳು ಅದರ ಬೆಲೆ ತೆರುತ್ತವೆ. ಹೆಣ್ಣುಮಕ್ಕಳಲ್ಲಿ ದನಿ ಗಡುಸಾಗುತ್ತದೆ, ಮುಖದಲ್ಲಿ ಕೂದಲು ಹುಟ್ಟುತ್ತದೆ. ಒಬ್ಬರು ನುಂಗಿದರೆ ಪಕ್ಕದ ಸಾಲಿನಲ್ಲಿ ಓಡುವವರೂ ನುಂಗಬೇಕಾಗುತ್ತದೆ, ಇಲ್ಲವೇ ಸೋಲಬೇಕಾಗುತ್ತದೆ. ನಿಷೇಧದ ನಿಜವಾದ ಕಾರಣ ಇದೇ.

'ಆ ಕಾಲದಲ್ಲಿ ಎಲ್ಲರೂ ತೆಗೆದುಕೊಳ್ಳುತ್ತಿದ್ದರು' ಎಂದು ಬಾಂಡ್ಸ್ ಪರ ವಾದಿಸುವವರು ಮರೆಯುವುದು ಈ ಪಕ್ಕದ ಸಾಲಿನವರನ್ನು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್‌ನಲ್ಲಿ ಕೇರಳದ ಅನು ರಾಘವನ್ ನಾಲ್ಕನೆಯವರಾಗಿ ಬಂದರು. ಗೆದ್ದವರು ಬಹರೇನಿನ ಕೆಮಿ ಅಡೆಕೋಯ. ಮುಂದೆ ಅವರು ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಿಷೇಧಕ್ಕೊಳಗಾದರು. ಅನುವಿಗೆ ಕಂಚು ದೊರೆತ ಸುದ್ದಿ ಬಂದದ್ದು 2020ರಲ್ಲಿ. ವೇದಿಕೆಯ ಮೇಲೆ ನಿಲ್ಲುವ ಆ ಒಂದು ಗಳಿಗೆಯನ್ನು ಯಾವ ಮಂಡಳಿ ತಾನೇ ಮರಳಿ ಕೊಟ್ಟೀತು?

ಅದೇ ಅಡೆಕೋಯ ಇದ್ದ ಬಹರೇನ್ ತಂಡ ಮಿಶ್ರ ರಿಲೇಯ ಚಿನ್ನವನ್ನೂ ಕಳೆದುಕೊಂಡಿತು. ಬೆಳ್ಳಿ ಪಡೆದಿದ್ದ ಭಾರತಕ್ಕೆ ಚಿನ್ನ ಬಂತು. ಆ ನಾಲ್ವರಲ್ಲಿ ನಮ್ಮ ಮಂಗಳೂರಿನ ಎಂ.ಆರ್. ಪೂವಮ್ಮ ಒಬ್ಬರು, 2015ರಲ್ಲೇ ಅರ್ಜುನ ಪ್ರಶಸ್ತಿ ಪಡೆದವರು. ವಿಧಿಯಾಟವೆಂದರೆ, ಇದೇ ಪೂವಮ್ಮ 2021ರ ಫೆಬ್ರವರಿಯಲ್ಲಿ ಕೊಟ್ಟ ಮಾದರಿಯಲ್ಲಿ ನಿಷಿದ್ಧ ಉತ್ತೇಜಕ ಪತ್ತೆಯಾಯಿತು. ಮೊದಲು ಮೂರು ತಿಂಗಳಾಗಿದ್ದ ಶಿಕ್ಷೆ ಮೇಲ್ಮನವಿಯಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ, ಎರಡು ವರ್ಷಕ್ಕೇರಿತು. ಪರರ ತಪ್ಪಿನಿಂದ ನೊಂದವರು ಮತ್ತು ತಾವೇ ಶಿಕ್ಷೆಗೊಳಗಾದವರು ಒಬ್ಬರೇ ಆಗಿರಬಹುದು. ಕ್ರೀಡಾಪಟುಗಳನ್ನು ದೇವತೆ, ರಾಕ್ಷಸ ಎಂದು ಎರಡೇ ಗುಂಪು ಮಾಡುವವರು ಈ ಉದಾಹರಣೆಯನ್ನು ನೆನಪಿಡಬೇಕು.

ಅನುಮಾನದ ದಾರಿ

ಹಾಗಾದರೆ ಅನುಮಾನವೊಂದೇ ಸಾಕೆ? ಸಾಲದು ಎನ್ನಲು ನಮ್ಮಲ್ಲೇ ಸಾಕ್ಷಿಗಳಿವೆ. 2002ರ ಬುಸಾನ್ ಏಷ್ಯನ್ ಕೂಟದಲ್ಲಿ ಪಂಜಾಬಿನ ಸುನೀತಾ ರಾಣಿ 1500 ಮೀಟರ್ ಚಿನ್ನ ಗೆದ್ದರು. ನ್ಯಾಂಡ್ರೊಲೋನ್ ಸೇವಿಸಿದ್ದಾರೆಂದು ಪದಕ ಕಿತ್ತುಕೊಳ್ಳಲಾಯಿತು. ಪರೀಕ್ಷೆಯಲ್ಲೇ ಲೋಪವಿತ್ತೆಂದು ತಿಳಿದ ಮೇಲೆ ಪದಕ ಮರಳಿತು. ಬಾಕ್ಸರ್ ಮನೋಜ್ ಕುಮಾರ್ ಅವರಿಗೆ 2014ರಲ್ಲಿ ಅರ್ಜುನ ಪ್ರಶಸ್ತಿ ತಪ್ಪಿದ್ದಕ್ಕೆ, ಬೇರೊಬ್ಬರ ಮದ್ದಿನ ಪ್ರಕರಣವನ್ನು ಇವರ ತಲೆಗೆ ಕಟ್ಟಿದ್ದು ಕಾರಣವಾಗಿತ್ತು. ಅವರು ದೆಹಲಿ ಹೈಕೋರ್ಟಿಗೆ ಹೋಗಿ ಪ್ರಶಸ್ತಿ ಪಡೆಯಬೇಕಾಯಿತು. ಕೋರ್ಟಿಗೆ ಹೋಗಲು ಕಾಸಿಲ್ಲದವರ ಗತಿ?

ಇನ್ನು ಸಣ್ಣ ತಪ್ಪಿಗೆ ಜೀವನಪೂರ್ತಿ ದಂಡವೇ? ಬಾಕ್ಸರ್ ಅಮಿತ್ ಪಂಘಾಲ್ ಹದಿಹರೆಯದಲ್ಲಿ, 2012ರಲ್ಲಿ, ಸೀತಾಳೆ ಸಿಡುಬಿನ ಚಿಕಿತ್ಸೆಗೆ ತೆಗೆದುಕೊಂಡ ಔಷಧಿಯಿಂದ ಸಿಕ್ಕಿಬಿದ್ದು ಶಿಕ್ಷೆ ಅನುಭವಿಸಿದರು. ಮುಂದೆ 2018ರಲ್ಲಿ ಏಷ್ಯನ್ ಚಿನ್ನ ಗೆದ್ದರೂ ಆ ಹಳೆಯ ಪ್ರಕರಣ ಅರ್ಜುನ ಪ್ರಶಸ್ತಿಗೆ ಅಡ್ಡ ಬಂತು. ಇದಕ್ಕೆ ವ್ಯತಿರಿಕ್ತವಾಗಿ, ಬೆಂಗಳೂರಿನಲ್ಲಿ ಆಟ ಕಲಿತ ಬ್ಯಾಡ್ಮಿಂಟನ್ ತಾರೆ ಅಪರ್ಣಾ ಪೋಪಟ್ 2000ದಲ್ಲಿ ನೆಗಡಿ ಮಾತ್ರೆಯಿಂದಾಗಿ ನಿಷೇಧಕ್ಕೊಳಗಾದರೂ ಮುಂದೆ ಅರ್ಜುನ ಪ್ರಶಸ್ತಿ ಪಡೆದರು. ಅಳತೆಗೋಲು ಒಂದೇ ಇರಬೇಡವೇ?

ಈ ಲೇಖಕನ ಅಭಿಪ್ರಾಯ ಇಷ್ಟು. ಮೊದಲನೆಯದು, ದಾಖಲೆ ಬೇರೆ, ಮನ್ನಣೆ ಬೇರೆ. ನಡೆದದ್ದನ್ನು ಚರಿತ್ರೆಯಿಂದ ಅಳಿಸಬಾರದು. ಬಾಂಡ್ಸ್ ಚೆಂಡಿನ ಮೇಲಿನ ನಕ್ಷತ್ರದಂತೆ ನಿಜವನ್ನು ಪಕ್ಕದಲ್ಲೇ ಬರೆದಿಡಬೇಕು. ಎರಡನೆಯದು, ಸಾಬೀತಾಗದ ಅನುಮಾನದ ಮೇಲೆ ಯಾರ ಮನ್ನಣೆಯನ್ನೂ ತಡೆಯಬಾರದು. ಅಶ್ವಿನಿಯವರ 2010ರ ಚಿನ್ನಕ್ಕೆ ನಾವು ಮನಸ್ಸಿನಲ್ಲಿ ಕಡಿತ ಹಾಕುವುದೂ ಅನ್ಯಾಯವೇ. ಮೂರನೆಯದು, ಸಾಬೀತಾದರೆ ಆ ಅವಧಿಯ ಸಾಧನೆಗೆ ಮನ್ನಣೆ ಬೇಡ. ಆದರೆ ಶಿಕ್ಷೆ ಮುಗಿಸಿ, ಮತ್ತೆ ಪರೀಕ್ಷೆಗೊಡ್ಡಿಕೊಂಡು ಗೆದ್ದವರ ಹೊಸ ಗೆಲುವನ್ನು ಹಳೆಯ ತಕ್ಕಡಿಯಲ್ಲಿ ತೂಗಬಾರದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮದ್ದು ನುಂಗಿದವರ ಹೆಸರು ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ನುಂಗಿಸಿದವರ, ತಂದುಕೊಟ್ಟವರ, ಕಂಡೂ ಕಾಣದಂತೆ ಕುಳಿತ ಶಿಬಿರದ ಅಧಿಕಾರಿಗಳ ಹೆಸರು ಎಷ್ಟು ಜನರಿಗೆ ನೆನಪಿದೆ? ಹಳ್ಳಿಯಿಂದ ಬಂದ, ಡಬ್ಬಿಯ ಮೇಲಿನ ಇಂಗ್ಲಿಷನ್ನು ಓದಲು ತಡವರಿಸುವ ಹುಡುಗಿಗೆ 'ನಿನ್ನ ಬಾಯಿಗೆ ಹೋದದ್ದಕ್ಕೆ ನೀನೇ ಹೊಣೆ' ಎಂದು ಕಾನೂನು ಹೇಳುತ್ತದೆ. ಹೇಳಲಿ, ಕಾನೂನು ಹಾಗೆಯೇ ಇರಬೇಕು. ಆದರೆ ಇಂದು ಊರೂರಿನ ಜಿಮ್‌ಗಳಲ್ಲಿ ಪುಡಿ ಡಬ್ಬಿಗಳು ಸಾಲಾಗಿ ಕುಳಿತಿರುವಾಗ, ಅದರೊಳಗೆ ಏನಿದೆಯೆಂದು ಹುಡುಗರಿಗೆ ಕನ್ನಡದಲ್ಲಿ ಹೇಳುವವರೂ ಇರಬೇಕಲ್ಲವೇ? ಹೆಬ್ಬೆರಳು ಕಳೆದುಕೊಂಡವನ ಹೆಸರಿನಲ್ಲಿ ಪ್ರಶಸ್ತಿ ಕೊಡುವ ರಾಜ್ಯ, ಹೆಬ್ಬೆರಳು ಉಳಿಸುವ ಕೆಲಸವನ್ನೂ ಮಾಡಿದರೆ ಒಳ್ಳೆಯದು.