ಆಲ್‌ಝೈಮರ್ ಕಾಯಿಲೆ: ನರಕೋಶದಲ್ಲಿ ಕ್ಯಾಲ್ಸಿಯಂ ನಿಯಂತ್ರಣ ಮತ್ತು ಮೈಟೋಕಾಂಡ್ರಿಯಾ

1906ರಲ್ಲಿ ಜರ್ಮನಿಯ ವೈದ್ಯರಾದ ಅಲೋಯಿಸ್ ಆಲ್‌ಝೈಮರ್ ಅವರು ಮೊದಲಿಗೆ ವಿವರಿಸಿದ ಈ ಕಾಯಿಲೆಯು ವೃದ್ಧಾಪ್ಯದ ಮರೆಗುಳಿತನಕ್ಕೆ ಅತಿ ಸಾಮಾನ್ಯ ಕಾರಣವಾಗಿರುತ್ತದೆ.

ಆರೋಗ್ಯವಂತ ನರಕೋಶದ ಒಳಗಿನ ಮುಕ್ತ ಕ್ಯಾಲ್ಸಿಯಂ ಪ್ರಮಾಣವು ಹೊರಗಿನದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ ಇರುತ್ತದೆ. ಈ ಕಾಯಿಲೆಯಲ್ಲಿ ಸದರಿ ನಿಯಂತ್ರಣವು ತಪ್ಪುವುದು ಸಂಶೋಧನೆಗಳಲ್ಲಿ ಕಂಡುಬಂದಿದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಸೇರಿದಾಗ ಶಕ್ತಿಯ ಉತ್ಪಾದನೆಯು ಕುಂಠಿತಗೊಂಡು ಕೋಶವು ನಾಶವಾಗಬಹುದು. ಮೆಮಾಂಟಿನ್ ಔಷಧವು ಕ್ಯಾಲ್ಸಿಯಂನ ಅತಿಯಾದ ಒಳಹರಿವನ್ನು ಭಾಗಶಃ ತಡೆಯುತ್ತದೆ. ಆದರೆ ಕಾಯಿಲೆಯನ್ನು ಗುಣಪಡಿಸುವುದಿಲ್ಲ.

ಇದು ಕೋಶದೊಳಗಿನ ನಿಯಂತ್ರಣದ ದೋಷವಾಗಿದ್ದು, ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿದೆಯೆಂದು ಅರ್ಥವಲ್ಲ. ಆದ್ದರಿಂದ ಮೂಳೆಗಳ ರಕ್ಷಣೆಗಾಗಿ ವೈದ್ಯರು ಸೂಚಿಸಿರುವ ಕ್ಯಾಲ್ಸಿಯಂ ಮಾತ್ರೆಗಳನ್ನು ಹಿರಿಯ ನಾಗರಿಕರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮರೆವು ದಿನನಿತ್ಯದ ಕೆಲಸಗಳಿಗೆ ಅಡ್ಡಿಯಾದಲ್ಲಿ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಲು ಕೋರಲಾಗಿದೆ.

ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ: 14567