ಬಾಣಲೆ ಎಣ್ಣೆ ಬೇಡ: ಓವನ್‌ನಲ್ಲೇ ಗರಿಗರಿ ಈರುಳ್ಳಿ ಪಕೋಡ

ಪಕೋಡಕ್ಕೆ ಬಾಣಲೆ ತುಂಬ ಎಣ್ಣೆ ಸುರಿಯೋದು ದುಬಾರಿ. ಉಳಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸೋದು ಆರೋಗ್ಯಕ್ಕೂ ಒಳ್ಳೆಯದಲ್ಲ. ಮನೆಯಲ್ಲಿ ಓಟಿಜಿ ಓವನ್ ಇದ್ದರೆ ಮೂರು ಚಮಚ ಎಣ್ಣೆ ಸಾಕು.

ಆದರೆ ಓವನ್ ಪಕೋಡ ಮೆತ್ತಗಾಗುತ್ತೆ ಅನ್ನೋ ದೂರು ಹಲವರದ್ದು. ಕಾರಣ ನೀರು. ಈರುಳ್ಳಿಯಲ್ಲಿ ಸುಮಾರು ಶೇ 89ರಷ್ಟು ನೀರೇ ಇರುತ್ತದೆ. ಹಾಗಾಗಿ ಹಿಟ್ಟಿಗೆ ಬೇರೆ ನೀರು ಹಾಕಬಾರದು.

ಮಾಡುವ ವಿಧಾನ:

* 3 ದೊಡ್ಡ ಈರುಳ್ಳಿಯನ್ನು ಉದ್ದಕ್ಕೆ ತೆಳ್ಳಗೆ ಹೆಚ್ಚಿ. ಉಪ್ಪು ಹಾಕಿ ಹಿಸುಕಿ 10 ನಿಮಿಷ ಬಿಡಿ, ತಾನೇ ನೀರು ಬಿಡುತ್ತೆ.

* ಅದಕ್ಕೇ ಮುಕ್ಕಾಲು ಕಪ್ ಕಡಲೆ ಹಿಟ್ಟು, ಕಾಲು ಕಪ್ ಅಕ್ಕಿ ಹಿಟ್ಟು, ಖಾರದ ಪುಡಿ, ಓಂಕಾಳು, ಕರಿಬೇವು, 2 ಚಮಚ ಎಣ್ಣೆ ಸೇರಿಸಿ ಕಲಸಿ. ಗರಿಗರಿ ಬರೋದು ಅಕ್ಕಿ ಹಿಟ್ಟಿನಿಂದ.

* ಓವನ್ 200 ಡಿಗ್ರಿಗೆ ಮೊದಲೇ ಕಾದಿರಲಿ. ಟ್ರೇಗೆ 1 ಚಮಚ ಎಣ್ಣೆ ಸವರಿ, ಒಂದಕ್ಕೊಂದು ತಾಗದಂತೆ ತೆಳ್ಳಗೆ ಹರಡಿ. ಒತ್ತಾಗಿ ಇಟ್ಟರೆ ಹಬೆಯಲ್ಲಿ ಬೆಂದು ಮೆತ್ತಗಾಗುತ್ತೆ.

* 20ರಿಂದ 25 ನಿಮಿಷ ಬೇಯಿಸಿ. ನಡುವೆ ಒಮ್ಮೆ ತಿರುವಿ ಹಾಕಿ.

ತೆಗೆದ ಮೇಲೆ ಡಬ್ಬಿಗೆ ತುಂಬಿ ಮುಚ್ಚಬೇಡಿ, ಜಾಲರಿ ಮೇಲೆ ಆರಲು ಬಿಡಿ. ಬರೀ ಮೈಕ್ರೋವೇವ್‌ನಲ್ಲಿ ಇದು ಆಗೋದಿಲ್ಲ, ಕನ್ವೆಕ್ಷನ್ ಇರಲೇಬೇಕು.